ಹೃದಯದ ಸಲುವಾಗಿ ಹೋಮೊಸಿಸ್ಟೀನ್ ಅಳೆಯಬೇಕೆ, ಇಳಿಸಬೇಕೆ?

ಪರ: ಅಳೆಯಬೇಕು, ಅಳತೆಯನ್ನೂ ಸರಿಯಾಗಿ ಮಾಡಬೇಕು

ಹೃದ್ರೋಗ ಅಂದ ಕೂಡಲೇ ಮಾತು ಕೊಬ್ಬಿನ ಕಡೆ ಹೊರಳುತ್ತದೆ. ಎಣ್ಣೆ ಎಷ್ಟು, ಕೊಲೆಸ್ಟ್ರಾಲ್ ಎಷ್ಟು, ಮೊಟ್ಟೆಯ ಹಳದಿ ತಿನ್ನಬಹುದೋ ಬಾರದೋ. ತಿಂದ ಪ್ರೋಟೀನು ಒಳಗೆ ಹೋಗಿ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ರಕ್ತನಾಳದ ಒಳಪದರಕ್ಕೆ ಪೆಟ್ಟು ಕೊಡಬಲ್ಲ ಒಂದು ವಸ್ತು ಹುಟ್ಟುವುದು ಆ ಪ್ರೋಟೀನಿನಿಂದಲೇ, ಅದೂ ಹಗಲು ರಾತ್ರಿಯೆನ್ನದೆ ಪ್ರತಿಯೊಬ್ಬರ ದೇಹದಲ್ಲೂ. ಅದು ಹೋಮೊಸಿಸ್ಟೀನ್. ಅದನ್ನು ಅಳೆಯಬೇಕು, ಹೆಚ್ಚಿದ್ದರೆ ಇಳಿಸಬೇಕು. ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ.

ಮಾಂಸ, ಮೀನು, ಮೊಟ್ಟೆ, ಹಾಲು, ಕಾಳು ಯಾವುದರ ಪ್ರೋಟೀನೇ ಆಗಲಿ, ಅದರಲ್ಲಿ ಮೆಥಿಯೊನೀನ್ ಎಂಬ ಗಂಧಕವುಳ್ಳ ಅಮೈನೊ ಆಮ್ಲ ಇದ್ದೇ ಇರುತ್ತದೆ. ಜೀವಕೋಶ ಇದನ್ನು ಶಕ್ತಿ ಹೊರುವ ಎಟಿಪಿ ಎಂಬ ಅಣುವಿನ ಜೊತೆ ಸೇರಿಸಿ ಎಸ್-ಅಡಿನೊಸಿಲ್ ಮೆಥಿಯೊನೀನ್ ಮಾಡಿಕೊಳ್ಳುತ್ತದೆ. ಇದನ್ನು ಚಿಕ್ಕದಾಗಿ ಸ್ಯಾಮ್ ಅನ್ನುತ್ತಾರೆ. ಡಿಎನ್‌ಎ ಮೇಲೆ ಗುರುತು ಹಾಕುವುದಕ್ಕೆ, ಕ್ರಿಯಾಟಿನ್ ತಯಾರಿಗೆ, ಅಡ್ರಿನಲಿನ್ ತಯಾರಿಗೆ, ಎಲ್ಲೆಲ್ಲಿ ಮೀಥೈಲ್ ಗುಂಪು (ಒಂದು ಇಂಗಾಲ, ಮೂರು ಜಲಜನಕದ ಚಿಕ್ಕ ತುಣುಕು) ಬೇಕೋ ಅಲ್ಲೆಲ್ಲ ಸ್ಯಾಮ್ ತನ್ನದನ್ನು ಬಿಚ್ಚಿ ಕೊಡುತ್ತದೆ. ಕೊಟ್ಟಾದ ಮೇಲೆ ಉಳಿಯುವ ಸಿಪ್ಪೆಯೇ ಹೋಮೊಸಿಸ್ಟೀನ್. ಈ ಸಿಪ್ಪೆ ಕರಗಲು ಎರಡು ದಾರಿಗಳಿವೆ. ಒಂದು, ಹೊಸ ಮೀಥೈಲ್ ಗುಂಪು ಪಡೆದು ಮತ್ತೆ ಮೆಥಿಯೊನೀನ್ ಆಗುವುದು. ಇದಕ್ಕೆ ಫೋಲೇಟ್ (ಬಿ9 ವಿಟಮಿನ್) ಮೀಥೈಲನ್ನು ಹೊತ್ತು ತರಬೇಕು, ಬಿ12 ಅದನ್ನು ಕೈ ದಾಟಿಸಬೇಕು. ಲಿವರ್ ಮತ್ತು ಮೂತ್ರಪಿಂಡದಲ್ಲಿ ಕೋಲಿನ್‌ನಿಂದ ಬರುವ ಬೀಟೇನ್ ಕೂಡ ಈ ಕೆಲಸ ಮಾಡುತ್ತದೆ. ಇನ್ನೊಂದು, ಸೆರಿನ್ ಜೊತೆ ಸೇರಿ ಸಿಸ್ಟಾಥಯೊನಿನ್ ಆಗಿ, ಮುಂದೆ ಸಿಸ್ಟೀನ್ ಆಗುವುದು. ಇಲ್ಲಿ ಬಿ6 ಬೇಕು, ಮತ್ತು ಈ ದಾರಿಯಲ್ಲಿ ಹೋದದ್ದು ಹಿಂದೆ ಬರುವುದಿಲ್ಲ. ಎರಡು ದಾರಿಯಲ್ಲಿ ಯಾವುದು ಕಟ್ಟಿಕೊಂಡರೂ ಹೋಮೊಸಿಸ್ಟೀನ್ ಕೋಶದಿಂದ ಹೊರಚೆಲ್ಲಿ ರಕ್ತಕ್ಕೆ ಬರುತ್ತದೆ.

ಖಾಲಿ ಹೊಟ್ಟೆಯ ರಕ್ತದಲ್ಲಿ ಲೀಟರಿಗೆ 5ರಿಂದ 15 ಮೈಕ್ರೊಮೋಲ್ ಇದ್ದರೆ ಲ್ಯಾಬುಗಳು ಸರಿಯೆನ್ನುತ್ತವೆ. 15ರಿಂದ 30 ಸ್ವಲ್ಪ ಹೆಚ್ಚು, 30ರಿಂದ 100 ಇನ್ನೂ ಹೆಚ್ಚು, 100 ದಾಟಿದರೆ ಹುಟ್ಟಿನಿಂದಲೇ ಕಿಣ್ವದ ದೋಷ ಇರಬಹುದೆಂದು ಹುಡುಕಬೇಕು. ಆ ಹುಟ್ಟುದೋಷದಿಂದಲೇ ಈ ಕಥೆ ಶುರುವಾಗಿದ್ದು. ಅದನ್ನು ಪೂರ್ತಿ ಹೇಳದೆ ನನ್ನ ವಾದ ಅರ್ಥವಾಗುವುದಿಲ್ಲ.

ಹೋಮೊಸಿಸ್ಟಿನೂರಿಯಾ ಎಂಬ ರೋಗವನ್ನು 1962ರಲ್ಲಿ ಗುರುತಿಸಿದರು. ಮೂತ್ರದಲ್ಲಿ ಹೋಮೊಸಿಸ್ಟಿನ್ ಸುರಿಯುವ ಮಕ್ಕಳು. ಕಣ್ಣಿನ ಮಸೂರ ಜಾರುತ್ತದೆ, ಕೈಕಾಲು ಉದ್ದ, ಎಳೆ ವಯಸ್ಸಿಗೇ ರಕ್ತ ಹೆಪ್ಪುಗಟ್ಟಿ ಸಾವು. ಅಮೆರಿಕದ ಬಾಸ್ಟನ್‌ನಲ್ಲಿ ರೋಗಶಾಸ್ತ್ರಜ್ಞರಾಗಿದ್ದ ಕಿಲ್ಮರ್ ಮೆಕಲ್ಲಿ ಅವರಿಗೆ ಇಂಥ ಒಬ್ಬ ಹುಡುಗಿಯ ವಿಷಯ ತಿಳಿಯಿತು. ಆಕೆಯ ಸೋದರಮಾವನೂ 1933ರಲ್ಲಿ, ಎಂಟು ವರ್ಷದವನಿದ್ದಾಗ, ಪಾರ್ಶ್ವವಾಯುವಿನಿಂದ ತೀರಿಹೋಗಿದ್ದ. ಮೆಕಲ್ಲಿ ಆ ಹಳೆಯ ಪ್ರಕರಣದ ಅಂಗಾಂಶವನ್ನು ಹುಡುಕಿಸಿ ತೆಗೆಸಿ ಸೂಕ್ಷ್ಮದರ್ಶಕದಡಿ ಇಟ್ಟರು. ಎಂಟು ವರ್ಷದ ಹುಡುಗನ ಅಪಧಮನಿಗಳು ವಯಸ್ಸಾದವರ ಅಪಧಮನಿಗಳಂತೆ ದಪ್ಪಗಟ್ಟಿ ಬಿರುಸಾಗಿದ್ದವು.

ಇಷ್ಟಕ್ಕೇ ನಿಂತಿದ್ದರೆ ಅದೊಂದು ಅಪರೂಪದ ರೋಗದ ಟಿಪ್ಪಣಿಯಾಗಿ ಉಳಿಯುತ್ತಿತ್ತು. ಸಿಸ್ಟಾಥಯೊನಿನ್ ಮಾಡುವ ಕಿಣ್ವ ಇಲ್ಲದವರಲ್ಲಿ ಹೋಮೊಸಿಸ್ಟೀನ್ ಜೊತೆಗೆ ಮೆಥಿಯೊನೀನ್ ಕೂಡ ಏರಿರುತ್ತದೆ. ನಾಳ ಕೆಡಿಸಿದ್ದು ಯಾವುದು ಎಂದು ಹೇಳುವುದು ಹೇಗೆ? ಆಗ ಎರಡು ತಿಂಗಳ ಒಂದು ಕೂಸಿನ ಪ್ರಕರಣ ಅವರ ಕಣ್ಣಿಗೆ ಬಿತ್ತು. ಈ ಮಗುವಿನ ದೋಷ ಬೇರೆ ಕಡೆ, ಬಿ12 ಬಳಸಿಕೊಳ್ಳುವ ಹಂತದಲ್ಲಿ. ಇಲ್ಲಿ ಮೆಥಿಯೊನೀನ್ ಕಡಿಮೆ, ಹೋಮೊಸಿಸ್ಟೀನ್ ಮಾತ್ರ ಜಾಸ್ತಿ. ನಾಳಗಳನ್ನು ನೋಡಿದರೆ ಅದೇ ಹಾನಿ. ಎರಡು ಬೇರೆ ದೋಷ, ಎರಡಕ್ಕೂ ಸಮಾನವಾಗಿ ಇದ್ದದ್ದು ಒಂದೇ ವಸ್ತು. 1969ರಲ್ಲಿ ಮೆಕಲ್ಲಿ ಇದನ್ನು ಪ್ರಕಟಿಸಿ, ಇಷ್ಟು ಜಾಸ್ತಿಯಲ್ಲದಿದ್ದರೂ ಹತ್ತಾರು ವರ್ಷ ಸ್ವಲ್ಪ ಸ್ವಲ್ಪವೇ ಏರಿದ್ದರೆ ಸಾಮಾನ್ಯ ಜನರ ನಾಳವೂ ಹೀಗೇ ಕೆಡಬಹುದಲ್ಲವೇ ಎಂದು ಕೇಳಿದರು. ಕೊಲೆಸ್ಟ್ರಾಲೊಂದೇ ಕಾರಣ ಎಂಬ ನಂಬಿಕೆ ಗಟ್ಟಿಯಾಗಿ ಕೂತಿದ್ದ ಕಾಲ ಅದು. ಅವರ ಮಾತಿಗೆ ಬೆಂಬಲ ಸಿಗಲಿಲ್ಲ, ಸಂಶೋಧನೆಗೆ ಹಣ ನಿಂತಿತು, ಅಲ್ಲಿನ ಕೆಲಸವನ್ನೂ ಬಿಡಬೇಕಾಯಿತು. ಆ ಪ್ರಶ್ನೆಯನ್ನು ಉಳಿದವರು ಗಂಭೀರವಾಗಿ ಕೈಗೆತ್ತಿಕೊಳ್ಳುವ ಹೊತ್ತಿಗೆ ಅಮೂಲ್ಯವಾದ ವರ್ಷಗಳು ಕಳೆದುಹೋಗಿದ್ದವು.

ಇಳಿಸಿದರೆ ಪ್ರಯೋಜನ ಇದೆಯೇ ಎಂದು ಕೇಳುವವರು ಈ ರೋಗಿಗಳನ್ನೇ ನೋಡಲಿ. ಚಿಕಿತ್ಸೆ ಇಲ್ಲದಿದ್ದರೆ ಹೋಮೊಸಿಸ್ಟಿನೂರಿಯಾ ಇರುವವರಲ್ಲಿ ಸುಮಾರು ಅರ್ಧ ಜನರಿಗೆ 30 ವರ್ಷ ತುಂಬುವುದರೊಳಗೆ ಎಲ್ಲಾದರೂ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಬಿ6, ಫೋಲಿಕ್ ಆಮ್ಲ (ಫೋಲೇಟಿನ ಮಾತ್ರೆಯ ರೂಪ), ಬಿ12, ದಿನಕ್ಕೆ ಗ್ರಾಂ ಲೆಕ್ಕದಲ್ಲಿ ಬೀಟೇನ್ ಕೊಟ್ಟು ನೋಡಿಕೊಂಡ 158 ರೋಗಿಗಳನ್ನು 2001ರಲ್ಲಿ ಲೆಕ್ಕ ಹಾಕಿದಾಗ, ಚಿಕಿತ್ಸೆ ಇಲ್ಲದಿದ್ದರೆ 112 ಸಲ ಆಗಬೇಕಿದ್ದ ಆಘಾತ 17 ಸಲ ಮಾತ್ರ ಆಗಿತ್ತು. ಇಷ್ಟಾಗಿಯೂ ಅವರಲ್ಲಿ ಅನೇಕರ ಮಟ್ಟ ಸಾಮಾನ್ಯಕ್ಕೆ ಬಂದಿರಲೇ ಇಲ್ಲ, ಮೊದಲಿಗಿಂತ ಇಳಿದಿತ್ತು ಅಷ್ಟೆ.

ಇನ್ನು ಅಳೆಯುವ ವಿಚಾರ. ಈ ಪರೀಕ್ಷೆಗೆ ಕೆಟ್ಟ ಹೆಸರು ಬಂದಿರುವುದರಲ್ಲಿ ಅರ್ಧ ಪಾಲು ಟ್ಯೂಬಿನದು. ರಕ್ತ ತೆಗೆದ ಮೇಲೂ ಕೆಂಪು ರಕ್ತಕಣಗಳು ಸುಮ್ಮನಿರುವುದಿಲ್ಲ, ಹೋಮೊಸಿಸ್ಟೀನನ್ನು ಪ್ಲಾಸ್ಮಾಕ್ಕೆ, ಅಂದರೆ ರಕ್ತದ ದ್ರವ ಭಾಗಕ್ಕೆ, ಬಿಡುತ್ತಲೇ ಇರುತ್ತವೆ. ಮಾಮೂಲಿ ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಸುಮಾರು ಶೇ 10ರಷ್ಟು ಏರುತ್ತದೆ. ಅಂದರೆ ನಿಜವಾಗಿ 12 ಇದ್ದವರ ಟ್ಯೂಬು ಮೂರು ಗಂಟೆ ಮೇಜಿನ ಮೇಲೆ ಕೂತರೆ ವರದಿಯಲ್ಲಿ 15ರ ಮೇಲೆ ಬರುತ್ತದೆ. ಆ ಮನುಷ್ಯ ಸುಮ್ಮನೆ ಹೆದರಿಕೊಂಡು ಮನೆಗೆ ಹೋಗುತ್ತಾನೆ. ಆದ್ದರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ ರಕ್ತ ತುಂಬಿದ ಕೂಡಲೇ ಅದನ್ನು ಐಸಿನಲ್ಲಿಡಬೇಕು, ಒಂದು ಗಂಟೆಯೊಳಗೆ ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸಬೇಕು. ಬೇರ್ಪಡಿಸಿದ ಮೇಲೆ ಚಿಂತೆಯಿಲ್ಲ, ಕೆಲವು ದಿನ ಹಾಗೇ ನಿಲ್ಲುತ್ತದೆ. ಹಿಂದಿನ ರಾತ್ರಿ ಪ್ರೋಟೀನು ಜಾಸ್ತಿಯಿರುವ ದೊಡ್ಡ ಊಟ ಬೇಡ. 10–12 ಗಂಟೆ ಉಪವಾಸ ಬೇಕು. ಹೃದಯಾಘಾತ ಆದ ಮೊದಲ ದಿನಗಳಲ್ಲಿ ಅಳೆದರೆ ಮಟ್ಟ ಇರುವುದಕ್ಕಿಂತ ಕೆಳಗೆ ಕಾಣಬಹುದು, ಆರು ವಾರ ಬಿಟ್ಟು ನೋಡಬೇಕು. ರಕ್ತ ಕೊಡುವವರು ಲ್ಯಾಬಿನವರನ್ನು ಐಸ್ ಇದೆಯೇ ಎಂದು ಕೇಳಿಯೇ ತೋಳು ಚಾಚಲಿ. ಹಾಗೆ ಕೇಳುವುದಕ್ಕೆ ಯಾವ ಸಂಕೋಚವೂ ಬೇಕಿಲ್ಲ.

ಸರಿಯಾಗಿ ತೆಗೆದ ರಕ್ತದಲ್ಲಿ 22 ಬಂತು ಅಂತಿಟ್ಟುಕೊಳ್ಳಿ. ಮುಂದೇನು? ಔಷಧದ ಪಟ್ಟಿ ತೆಗೆದು ನೋಡಬೇಕು. ಮಧುಮೇಹದ ಮೆಟ್‌ಫಾರ್ಮಿನ್ ಮತ್ತು ಆಮ್ಲ ತಗ್ಗಿಸುವ ಮಾತ್ರೆಗಳು ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಹೀರಿಕೆ ಕುಗ್ಗುತ್ತದೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್, ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಫೋಲೇಟನ್ನು ಹಾಳುಮಾಡುತ್ತವೆ. ರಕ್ತದ ಕೊಬ್ಬು ಇಳಿಸುವ ಫೆನೊಫೈಬ್ರೇಟ್ ತಾನೇ ಮಟ್ಟ ಏರಿಸುತ್ತದೆ. ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಬಿ12ರೊಳಗಿನ ಕೋಬಾಲ್ಟನ್ನು ಆಕ್ಸಿಡೀಕರಿಸಿ ಕಿಣ್ವವನ್ನು ನಿಲ್ಲಿಸಿಬಿಡುತ್ತದೆ. ಆಮೇಲೆ ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್, ಥೈರಾಯ್ಡಿನ ಟಿಎಸ್‌ಎಚ್, ಬಿ12, ಫೋಲೇಟ್. ಬಿ12 ನೋಡದೆ ಫೋಲಿಕ್ ಆಮ್ಲ ಶುರುಮಾಡುವುದು ಇಲ್ಲಿ ಆಗುವ ದೊಡ್ಡ ತಪ್ಪು: ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ಒಳಗೆ ನರಗಳ ಹಾನಿ ಮುಂದುವರಿಯುತ್ತಲೇ ಇರುತ್ತದೆ. ಬಿ12 ಕಡಿಮೆ ಇದ್ದರೆ ಮೊದಲು ಅದನ್ನು ತುಂಬಬೇಕು. ದಿನಕ್ಕೆ 1000 ಮೈಕ್ರೊಗ್ರಾಂ ಮಾತ್ರೆ ನುಂಗಿದರೆ, ಹೊಟ್ಟೆಯಲ್ಲಿ ಬಿ12 ಹೀರಲು ನೆರವಾಗುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನು ಇಲ್ಲದವರಿಗೂ ಸುಮಾರು ಶೇ 1 ತಾನಾಗಿ ಒಳಗೆ ಇಳಿಯುತ್ತದೆ. ಅದೇ 10 ಮೈಕ್ರೊಗ್ರಾಂ ಆಯಿತು, ದಿನದ ಅಗತ್ಯ 2.4 ಮಾತ್ರ.

ಫೋಲಿಕ್ ಆಮ್ಲದಲ್ಲಿ ಜಾಸ್ತಿ ಕೊಟ್ಟರೆ ಜಾಸ್ತಿ ಇಳಿಯುತ್ತದೆ ಎಂಬುದು ಸುಳ್ಳು. ಹಲವು ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದಾಗ ದಿನಕ್ಕೆ 0.2 ಮಿಲಿಗ್ರಾಂನಿಂದ ಮಟ್ಟ ಶೇ 13 ಇಳಿಯಿತು, 0.4ರಿಂದ ಶೇ 20, 0.8ರಿಂದ ಶೇ 23, 5 ಮಿಲಿಗ್ರಾಂ ಕೊಟ್ಟರೂ ಶೇ 25. ಅಂದಮೇಲೆ 0.4ರಿಂದ 0.8 ಸಾಕೇ ಸಾಕು. ಬಿ12 ಸೇರಿಸಿದರೆ ಇನ್ನೊಂದು ಶೇ 7. ಎಂಟಿಎಚ್‌ಎಫ್‌ಆರ್ ಜೀನಿನ (ಫೋಲೇಟನ್ನು ಮೀಥೈಲ್ ಹೊರುವ ರೂಪಕ್ಕೆ ತರುವ ಕಿಣ್ವದ ಜೀನು) 677ನೇ ಸ್ಥಾನದಲ್ಲಿ ಟಿಟಿ ರೂಪ, ಅಂದರೆ ತಂದೆತಾಯಿ ಇಬ್ಬರಿಂದಲೂ ಬಂದ ಬದಲಾದ ರೂಪ, ಇರುವವರ ಕಿಣ್ವ ಬಿ2 ಇಲ್ಲದಿದ್ದರೆ ಬೇಗ ಸಡಿಲಾಗಿ ಕುಸಿಯುತ್ತದೆ. ಅವರಿಗೆ ದಿನಕ್ಕೆ 1.6 ಮಿಲಿಗ್ರಾಂ ರೈಬೊಫ್ಲೇವಿನ್ (ಅದೇ ಬಿ2) ಕೊಟ್ಟರೆ ಸುಮಾರು ಐದನೇ ಒಂದು ಪಾಲು ಇಳಿಯುತ್ತದೆ. ಎಂಟು ವಾರ ಕಳೆದ ಮೇಲೆ ಮತ್ತೆ ಅಳೆಯಬೇಕು. ಬಿ6 ಮಾತ್ರ ಕೈಬಿಚ್ಚಿ ಕೊಡಬಾರದು, ಹೆಚ್ಚು ಪ್ರಮಾಣದಲ್ಲಿ ತಿಂಗಳುಗಟ್ಟಲೆ ತಿಂದರೆ ಅದೇ ಕೈಕಾಲಿನ ನರಗಳನ್ನು ಕೆಡಿಸುತ್ತದೆ.

ಊಟದಲ್ಲಿ ಜನ ಮಾಡುವ ತಪ್ಪು ಇನ್ನೊಂದು. ಮೆಥಿಯೊನೀನಿನಿಂದ ತಾನೇ ಹುಟ್ಟುವುದು, ಪ್ರೋಟೀನು ಕಡಿಮೆ ಮಾಡಿದರಾಯಿತು ಎನ್ನುತ್ತಾರೆ. ಪ್ರಾಣಿಮೂಲದ ಆಹಾರವನ್ನು ಪೂರ್ತಿ ಬಿಟ್ಟವರು ಮೆಥಿಯೊನೀನ್ ಕಡಿಮೆ ತಿನ್ನುತ್ತಾರೆ, ಆದರೂ ಅವರ ಹೋಮೊಸಿಸ್ಟೀನ್ ಉಳಿದವರಿಗಿಂತ ಜಾಸ್ತಿ ಇರುತ್ತದೆ. ಕಾರಣ ಬಿ12. ಲಿವರಿನಲ್ಲಿ ಕೂಡಿಟ್ಟ ಬಿ12 ಕೆಲವು ವರ್ಷ ನಡೆಸುತ್ತದೆ, ಆದ್ದರಿಂದ ಕೊರತೆ ತಡವಾಗಿ, ಯಾರೂ ನಿರೀಕ್ಷಿಸದ ಹೊತ್ತಿನಲ್ಲಿ ತಲೆಯೆತ್ತುತ್ತದೆ. ಎರಡು ಮೊಟ್ಟೆ, ಎರಡು ದೊಡ್ಡ ಲೋಟ ಹಾಲು ಇದ್ದರೆ ದಿನದ ಬಿ12 ಬಂತು. ಏನೂ ಇಲ್ಲದವರಿಗೆ ಮಾತ್ರೆಯೇ ಗತಿ. ಮೊಟ್ಟೆಯ ಹಳದಿಯಿಂದ ಕೋಲಿನ್ ಕೂಡ ಸಿಗುತ್ತದೆ, ಒಂದು ದೊಡ್ಡ ಮೊಟ್ಟೆಗೆ ಸುಮಾರು 147 ಮಿಲಿಗ್ರಾಂ. ಬೇಯಿಸಿದ ಮಸೂರ ಕಾಳು 100 ಗ್ರಾಂಗೆ ಸುಮಾರು 180 ಮೈಕ್ರೊಗ್ರಾಂ ಫೋಲೇಟ್ ಕೊಡುತ್ತದೆ. ಹಸಿ ಪಾಲಕ್‌ನಲ್ಲಿ 190ರ ಮೇಲಿದೆ, ಆದರೆ ತುಂಬ ನೀರಿನಲ್ಲಿ ಕುದಿಸಿ ನೀರು ಬಸಿದರೆ ಅರ್ಧದಷ್ಟು ಆ ನೀರಿನ ಜೊತೆಯೇ ಹೋಗುತ್ತದೆ. ಹಬೆಯಲ್ಲಿ ಬೇಯಿಸಿ, ಇಲ್ಲವೇ ಬೇಯಿಸಿದ ನೀರನ್ನೂ ಬಳಸಿ. ಆಹಾರದ ಫೋಲೇಟ್ ಮಾತ್ರೆಯ ಫೋಲಿಕ್ ಆಮ್ಲದಷ್ಟು ಚೆನ್ನಾಗಿ ಹೀರುವುದಿಲ್ಲ, 1 ಮೈಕ್ರೊಗ್ರಾಂ ಅಂದರೆ 0.6 ಎಂದು ಲೆಕ್ಕ. ಸಿಗರೇಟು, ದಿನಕ್ಕೆ ನಾಲ್ಕು ಕಪ್ ಗಟ್ಟಿ ಕಾಫಿ, ಎರಡೂ ಮಟ್ಟ ಏರಿಸುತ್ತವೆ.

ದೊಡ್ಡ ಪ್ರಯೋಗಗಳಲ್ಲಿ ಪ್ರಯೋಜನ ಕಾಣಲಿಲ್ಲವಲ್ಲ ಎನ್ನುತ್ತಾರೆ. ಯಾರ ಮೇಲೆ ಮಾಡಿದ ಪ್ರಯೋಗ? ಆಗಲೇ ಹೃದಯಾಘಾತ ಆದವರ ಮೇಲೆ, ಪಾರ್ಶ್ವವಾಯು ಹೊಡೆದವರ ಮೇಲೆ, ನಾಳ ಮುಕ್ಕಾಲು ಕಟ್ಟಿದ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅಮೆರಿಕ, ಕೆನಡಾಗಳಲ್ಲಿ 1998ರ ಹೊತ್ತಿಗೆ ಹಿಟ್ಟಿಗೇ ಫೋಲಿಕ್ ಆಮ್ಲ ಬೆರೆಸುವುದು ಕಡ್ಡಾಯವಾಗಿತ್ತು, ಮಾತ್ರೆ ಸಿಗದ ಗುಂಪಿನವರೂ ಅಲ್ಲಿ ಅದನ್ನು ತಿನ್ನುತ್ತಲೇ ಇದ್ದರು. ಬೆರೆಸದ ಕಡೆ, ರೋಗ ಬರುವ ಮುಂಚೆ ಮಾಡಿದ ಪ್ರಯೋಗ ನೋಡಿ: ಚೀನಾದಲ್ಲಿ ರಕ್ತದೊತ್ತಡವಿದ್ದ 20,702 ಜನ. ಒಂದು ಗುಂಪಿಗೆ ರಕ್ತದೊತ್ತಡದ ಔಷಧ ಎನಲಾಪ್ರಿಲ್ 10 ಮಿಲಿಗ್ರಾಂ, ಇನ್ನೊಂದಕ್ಕೆ ಅದರ ಜೊತೆ 0.8 ಮಿಲಿಗ್ರಾಂ ಫೋಲಿಕ್ ಆಮ್ಲ. ನಾಲ್ಕೂವರೆ ವರ್ಷದಲ್ಲಿ ಮೊದಲ ಪಾರ್ಶ್ವವಾಯು ಶೇ 3.4ರಿಂದ 2.7ಕ್ಕೆ ಇಳಿಯಿತು. 2015ರಲ್ಲಿ ಪ್ರಕಟವಾದದ್ದು. ಹುಟ್ಟಿನಿಂದಲೇ ಮಟ್ಟ ಏರಿಸುವ ಜೀನು ಇದ್ದವರಲ್ಲೂ ಹೃದ್ರೋಗ ಹೆಚ್ಚಿಲ್ಲ ಎಂದು ಜೀನುಗಳ ಲೆಕ್ಕ ಹಿಡಿದು ಬರುವವರಿಗೆ ನನ್ನ ಉತ್ತರ ಇಷ್ಟೆ: ಎದುರಿಗೆ ಕೂತಿರುವುದು ಜೀನುಗಳ ಸರಾಸರಿಯಲ್ಲ, ರಕ್ತದಲ್ಲಿ 22 ಇರುವ ಒಬ್ಬ ಮನುಷ್ಯ. ಅವನ ಬಿ12 ತುಂಬಿ, ಫೋಲೇಟ್ ತುಂಬಿ, ಎಂಟು ವಾರದಲ್ಲಿ ಅದನ್ನು ಇಳಿಸುವ ದಾರಿ ಕೈಯಲ್ಲೇ ಇದೆ.

ವಿರೋಧ: ಸಂಖ್ಯೆ ಇಳಿಯಿತು, ಆಘಾತ ಇಳಿಯಲಿಲ್ಲ

ಈ ಬದಿ ಬರೆಯಲು ಒಪ್ಪಿಕೊಂಡಾಗಲೇ ಒಂದು ಮಾತು ಹೇಳಿದ್ದೆ: ಸೊಪ್ಪು, ಕಾಳುಗಳ ವಿರುದ್ಧವಾಗಲಿ ಬಿ12 ವಿರುದ್ಧವಾಗಲಿ ನಾನು ವಾದಿಸುವುದಿಲ್ಲ. ಬಿ12 ಕೊರತೆ ನರಕ್ಕೂ ರಕ್ತಕ್ಕೂ ಕೆಡುಕು, ಅದನ್ನು ಹುಡುಕಿ ತುಂಬಲೇಬೇಕು. ಇಲ್ಲಿನ ಪ್ರಶ್ನೆ ಅದಲ್ಲ. ಹೃದಯಾಘಾತ ತಪ್ಪಿಸಲೆಂದು ಎಲ್ಲರ ಹೋಮೊಸಿಸ್ಟೀನ್ ಅಳೆದು, ವಿಟಮಿನ್ ಕೊಟ್ಟು ಇಳಿಸಬೇಕೇ ಎಂಬುದು ಪ್ರಶ್ನೆ. ಅದಕ್ಕೆ ನನ್ನ ಉತ್ತರ ಬೇಡ ಎಂದು.

ಮಟ್ಟ ಜಾಸ್ತಿ ಇರುವವರಲ್ಲಿ ಹೃದ್ರೋಗ ಜಾಸ್ತಿ, ಅದು ನಿಜ. 2002ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಮಟ್ಟ ಶೇ 25 ಕಡಿಮೆ ಇರುವವರಲ್ಲಿ ಹೃದ್ರೋಗ ಶೇ 11, ಪಾರ್ಶ್ವವಾಯು ಶೇ 19 ಕಡಿಮೆ ಎಂದು ಬಂತು. ಆದರೆ ಜೊತೆಯಲ್ಲಿ ಕಾಣಿಸಿಕೊಳ್ಳುವುದು ಬೇರೆ, ಕಾರಣವಾಗುವುದು ಬೇರೆ. ಮೂತ್ರಪಿಂಡ ಸ್ವಲ್ಪ ಸೋತರೂ ಹೋಮೊಸಿಸ್ಟೀನ್ ಏರುತ್ತದೆ. ನಾಳಗಳು ಗಡುಸಾಗುತ್ತಿರುವವರಲ್ಲಿ ಮೂತ್ರಪಿಂಡ ಮೊದಲೇ ಸೋಲಲು ಶುರುವಾಗಿರುತ್ತದೆ. ವಯಸ್ಸು, ಸಿಗರೇಟು, ಹಣ್ಣು ತರಕಾರಿ ಇಲ್ಲದ ಊಟ, ಎಲ್ಲವೂ ಈ ಸಂಖ್ಯೆಯನ್ನು ಎತ್ತುತ್ತವೆ, ಎಲ್ಲವೂ ಹೃದಯವನ್ನೂ ಕೆಡಿಸುತ್ತವೆ. ಹೊಗೆ ಕಂಡಿತೆಂದು ಬೀಸಣಿಗೆ ಹಿಡಿದು ಹೊಗೆ ಓಡಿಸಿದರೆ ಬೆಂಕಿ ಆರುವುದಿಲ್ಲ.

ಬೆಂಕಿಯೋ ಹೊಗೆಯೋ ಎಂದು ತಿಳಿಯಲು ಇರುವ ದಾರಿ ಇಳಿಸಿ ನೋಡುವುದು. ಅದನ್ನು ನೋಡಿಯಾಗಿದೆ. ನಾರ್ವೆಯ ನಾರ್ವಿಟ್ ಪ್ರಯೋಗದಲ್ಲಿ ಹೃದಯಾಘಾತವಾದ 3,749 ಜನರಿದ್ದರು, ಫೋಲಿಕ್ ಆಮ್ಲ ಮತ್ತು ಬಿ12 ಸಿಕ್ಕವರಲ್ಲಿ ಹೋಮೊಸಿಸ್ಟೀನ್ ಶೇ 27 ಇಳಿಯಿತು. ಆಘಾತ ಕಡಿಮೆಯಾಗಲಿಲ್ಲ, ಜೊತೆಗೆ 40 ಮಿಲಿಗ್ರಾಂ ಬಿ6 ಕೂಡ ಪಡೆದ ಗುಂಪಿನಲ್ಲಿ ಸ್ವಲ್ಪ ಹೆಚ್ಚುವ ಕಡೆಗೇ ವಾಲಿತು. ಹೋಪ್-2 ಎಂಬ ಇಂಥದೇ ಪ್ರಯೋಗದಲ್ಲಿ 5,522 ಜನ, ಐದು ವರ್ಷ. ಒಟ್ಟು ಹೃದಯ-ನಾಳ ಆಘಾತಗಳಲ್ಲಿ ವ್ಯತ್ಯಾಸವಿಲ್ಲ. ಎರಡೂ 2006ರಲ್ಲಿ ಬಂದವು. 2010ರ ಸರ್ಚ್ ಪ್ರಯೋಗ ಇವೆಲ್ಲಕ್ಕಿಂತ ದೊಡ್ಡದು. ಬ್ರಿಟನ್ನಿನಲ್ಲಿ ಹೃದಯಾಘಾತದಿಂದ ಬದುಕುಳಿದ 12,064 ಜನ, ದಿನಕ್ಕೆ 2 ಮಿಲಿಗ್ರಾಂ ಫೋಲಿಕ್ ಆಮ್ಲ, 1 ಮಿಲಿಗ್ರಾಂ ಬಿ12, ಹತ್ತಿರಹತ್ತಿರ ಏಳು ವರ್ಷ. ಮಟ್ಟ 3.8 ಮೈಕ್ರೊಮೋಲ್ ಇಳಿಯಿತು. ವಿಟಮಿನ್ ಪಡೆದವರಲ್ಲಿ ಶೇ 25.5 ಜನರಿಗೆ ದೊಡ್ಡ ಆಘಾತವಾಯಿತು, ಪಡೆಯದವರಲ್ಲಿ ಶೇ 24.8. ಅದೇ ವರ್ಷ ಎಂಟು ಪ್ರಯೋಗಗಳ 37,485 ಜನರನ್ನು ಒಟ್ಟುಹಾಕಿದಾಗಲೂ ಇದೇ ಉತ್ತರ.

ಹಿಟ್ಟಿನಲ್ಲಿ ಫೋಲಿಕ್ ಆಮ್ಲ ಬೆರೆತಿದ್ದರಿಂದ ಫಲ ಮರೆಯಾಯಿತು ಎಂಬ ಸಮಜಾಯಿಷಿ ಪರ ಬರಹದಲ್ಲಿದೆ. ಆಗಿನ ನಾರ್ವೆಯಲ್ಲೂ ಬ್ರಿಟನ್ನಿನಲ್ಲೂ ಹಿಟ್ಟಿಗೆ ಫೋಲಿಕ್ ಆಮ್ಲ ಬೆರೆಸುವ ಕಡ್ಡಾಯ ಇರಲಿಲ್ಲ. ಅಲ್ಲೂ ಫಲ ಕಾಣಲಿಲ್ಲ. ರೋಗ ಬಂದ ಮೇಲೆ ಕೊಟ್ಟರೆ ತಡವಾಯಿತು ಎಂಬುದೂ ನಿಲ್ಲುವುದಿಲ್ಲ. ಎಲ್‌ಡಿಎಲ್ ಕೊಲೆಸ್ಟ್ರಾಲ್ ಇಳಿಸುವ ಔಷಧವನ್ನು ಹೃದಯಾಘಾತವಾದ ಮೇಲೆ ಕೊಟ್ಟರೂ ಮುಂದಿನ ಆಘಾತ ತಪ್ಪುತ್ತದೆ: ಪ್ರತಿ 1 ಮಿಲಿಮೋಲ್, ಅಂದರೆ ಡೆಸಿಲೀಟರಿಗೆ ಸುಮಾರು 39 ಮಿಲಿಗ್ರಾಂ ಇಳಿದರೆ, ಸುಮಾರು ಐದನೇ ಒಂದು ಪಾಲು. ನಿಜವಾದ ಕಾರಣವಾಗಿದ್ದರೆ ಇದರಲ್ಲೂ ಅಷ್ಟೋ ಇಷ್ಟೋ ಕಾಣಬೇಕಿತ್ತು.

ಜೀನಿನ ಲೆಕ್ಕವನ್ನು ಒಂದೇ ವಾಕ್ಯದಲ್ಲಿ ತಳ್ಳಿಹಾಕಿದ್ದು ನನಗೆ ಸರಿಕಾಣಲಿಲ್ಲ, ಏಕೆಂದರೆ ಇರುವ ಸಾಕ್ಷ್ಯದಲ್ಲಿ ಅದೇ ಗಟ್ಟಿಯಾದದ್ದು. ಟಿಟಿ ರೂಪದ ಎಂಟಿಎಚ್‌ಎಫ್‌ಆರ್ ಇರುವವರಿಗೆ ಹುಟ್ಟಿದಾರಭ್ಯ ಹೋಮೊಸಿಸ್ಟೀನ್ ಸುಮಾರು ಶೇ 20 ಜಾಸ್ತಿ. ರೋಗ ಬರುವ ಮುಂಚೆಯೇ, ಜೀವಮಾನವಿಡೀ. ಇವರು ಊಟ ನೋಡಿ ಆರಿಸಿಕೊಂಡ ಗುಂಪಲ್ಲ, ಮೂತ್ರಪಿಂಡ ಸೋತವರಲ್ಲ, ಸಿಗರೇಟು ಸೇದುವವರೆಂದೂ ಅಲ್ಲ. ತಂದೆತಾಯಿಯಿಂದ ಚೀಟಿ ಎತ್ತಿದಂತೆ ಬಂದದ್ದು. ಹೋಮೊಸಿಸ್ಟೀನ್ ನಾಳ ಕೆಡಿಸುವುದಾದರೆ ಇವರಲ್ಲಿ ಹೃದ್ರೋಗ ಎದ್ದು ಕಾಣಬೇಕು. 48,000ಕ್ಕೂ ಹೆಚ್ಚು ಹೃದ್ರೋಗಿಗಳಿದ್ದ, ಅದುವರೆಗೆ ಪ್ರಕಟವಾಗದ ಮಾಹಿತಿಯನ್ನು 2012ರಲ್ಲಿ ಒಟ್ಟುಮಾಡಿ ನೋಡಿದಾಗ ಬಂದ ಅಪಾಯದ ಅನುಪಾತ 1.02. ಅಂದರೆ ವ್ಯತ್ಯಾಸವೇ ಇಲ್ಲ ಎನ್ನಬಹುದು. ಮೊದಲು ಪ್ರಕಟವಾಗಿದ್ದ ಸಣ್ಣ ಅಧ್ಯಯನಗಳಲ್ಲಿ ಅಪಾಯ ಜಾಸ್ತಿ ಕಂಡಿತ್ತು. ಫಲ ಕಂಡದ್ದು ಅಚ್ಚಿಗೆ ಹೋಗಿ, ಕಾಣದ್ದು ಪೆಟ್ಟಿಗೆಯಲ್ಲಿ ಉಳಿದರೆ ಹಾಗಾಗುತ್ತದೆ.

ಮೆಕಲ್ಲಿ ನೋಡಿದ ಮಕ್ಕಳ ವಿಷಯ ನಾನು ಅಲ್ಲಗಳೆಯುವುದಿಲ್ಲ. ಮಟ್ಟ 100, 200 ಇರುವವರಲ್ಲಿ ರಕ್ತ ಹೆಪ್ಪುಗಟ್ಟುವುದು ನಿಜ, ಅವರಿಗೆ ಚಿಕಿತ್ಸೆ ಜೀವ ಉಳಿಸುವುದೂ ನಿಜ. ಅಲ್ಲಿಂದ ಜಿಗಿದು 14 ಇರುವವನನ್ನು 10ಕ್ಕೆ ತಂದರೆ ಹೃದಯ ಉಳಿಯುತ್ತದೆ ಎನ್ನುವುದು ಬೇರೆ ಮಾತು. ಚೀನಾದ ಪ್ರಯೋಗ ಪಾರ್ಶ್ವವಾಯುವಿನದು. ಅದೇ ಪ್ರಯೋಗದಲ್ಲಿ ಹೃದಯಾಘಾತದ ಸಂಖ್ಯೆ ಕಡಿಮೆಯಾಗಲಿಲ್ಲ, ನಮ್ಮ ಪ್ರಶ್ನೆ ಹೃದಯದ್ದು.

ವಿಟಮಿನ್ ತಾನೇ, ನಷ್ಟವೇನು ಎನ್ನುವಂತಿಲ್ಲ. ಮಧುಮೇಹದಿಂದ ಮೂತ್ರಪಿಂಡ ಸೋತ 238 ಜನರಿಗೆ ಫೋಲಿಕ್ ಆಮ್ಲ 2.5 ಮಿಲಿಗ್ರಾಂ, ಬಿ6 25 ಮಿಲಿಗ್ರಾಂ, ಬಿ12 1 ಮಿಲಿಗ್ರಾಂ ಕೊಟ್ಟ 2010ರ ಪ್ರಯೋಗದಲ್ಲಿ ಹೋಮೊಸಿಸ್ಟೀನ್ ಇಳಿಯಿತು, ಮೂತ್ರಪಿಂಡ ಮಾತ್ರ ಇನ್ನೂ ಬೇಗ ಸೋತಿತು, ನಾಳದ ಆಘಾತಗಳೂ ಹೆಚ್ಚಿದವು. ಹೋಮೊಸಿಸ್ಟೀನ್ ಏರಿರುವವರಲ್ಲಿ ಮೂತ್ರಪಿಂಡ ಸೋತವರೇ ಬಹಳ ಇರುತ್ತಾರೆ, ಆದ್ದರಿಂದ ಇದು ಎಲ್ಲೋ ಮೂಲೆಯ ಅಪಾಯವಲ್ಲ.

ಅಳತೆಯ ಬಗ್ಗೆ ಪರ ಬರಹದವರು ಹೇಳಿದ್ದೆಲ್ಲ ಸರಿ, ಮತ್ತು ಅದೇ ನನ್ನ ಪಕ್ಷಕ್ಕೂ ಸಲ್ಲುತ್ತದೆ. ಐಸು ಇಲ್ಲದೆ, ಗಂಟೆಯ ಲೆಕ್ಕ ಇಲ್ಲದೆ, ಉಪವಾಸ ಇಲ್ಲದೆ ಕೆಡುವ ಪರೀಕ್ಷೆಯನ್ನು ಎಲ್ಲರಿಗೂ ಮಾಡಿಸಿದರೆ ಬರುವುದು ಸುಳ್ಳು 16, ಸುಳ್ಳು 17. ಅದರ ಬೆನ್ನಿಗೇ ಮಾತ್ರೆ, ಮತ್ತೆ ಪರೀಕ್ಷೆ. ಹೀಗೆ ಸಂಖ್ಯೆಗೆ ಚಿಕಿತ್ಸೆ ನಡೆಯುವಾಗ 160 ಇರುವ ರಕ್ತದೊತ್ತಡ, 170 ಇರುವ ಎಲ್‌ಡಿಎಲ್, ಬಿಡದ ಸಿಗರೇಟು ಹಾಗೇ ಉಳಿಯುತ್ತವೆ. ಇವುಗಳಲ್ಲಿ ಯಾವುದನ್ನು ತಿದ್ದಿದರೂ ಹೃದಯಾಘಾತ ಕಡಿಮೆಯಾಗುತ್ತದೆ ಎಂಬುದು ರುಜುವಾತಾದ ವಿಷಯ.

ಬಿ12 ಕೊರತೆಯ ಅನುಮಾನ ಇದ್ದರೆ ನೇರವಾಗಿ ಬಿ12 ಅಳೆಯಿರಿ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರು, ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು, ಪ್ರಾಣಿಮೂಲದ ಆಹಾರ ತಿನ್ನದವರು, ವಯಸ್ಸಾಗಿ ಹೊಟ್ಟೆಯ ಆಮ್ಲ ಕಡಿಮೆಯಾದವರು, ಇವರಿಗೆ ಅದು ಬೇಕೇ ಬೇಕು. ಮಿಲಿಲೀಟರಿಗೆ 200 ಪಿಕೊಗ್ರಾಂಗಿಂತ ಕೆಳಗಿದ್ದರೆ ಕೊರತೆ ಖಚಿತ. 200ರಿಂದ 300ರ ನಡುವೆ ಅನುಮಾನ ಉಳಿದರೆ, ಬಿ12 ಕಡಿಮೆಯಾದಾಗ ರಕ್ತದಲ್ಲಿ ಏರುವ ಮೀಥೈಲ್‌ಮಲೋನಿಕ್ ಆಮ್ಲ ನೋಡಬಹುದು, ಅದು ಫೋಲೇಟ್ ಕೊರತೆಯಿಂದ ಏರುವುದಿಲ್ಲ, ಆದ್ದರಿಂದ ಗೊಂದಲ ಕಡಿಮೆ.

ಹೋಮೊಸಿಸ್ಟೀನ್ ಅಳೆಯಲೇಬೇಕಾದ ಕೆಲವರು ಇದ್ದಾರೆ. ಕಣ್ಣಿನ ಮಸೂರ ಕೆಳಕ್ಕೆ ಜಾರಿದ ಮಗು, ವಯಸ್ಸಿಗೆ ಮೀರಿ ಕೈಕಾಲು ಉದ್ದವಾಗಿ ಓದಿನಲ್ಲಿ ಹಿಂದೆ ಬಿದ್ದವರು, 30 ತುಂಬುವ ಮುಂಚೆ ಕಾಲಿನಲ್ಲೋ ಮೆದುಳಿನಲ್ಲೋ ರಕ್ತ ಹೆಪ್ಪುಗಟ್ಟಿ ಬಂದವರು. ಇವರ ರಕ್ತವನ್ನು ಮಾತ್ರ ಅದೇ ದಿನ ತೆಗೆದು, ಐಸಿನಲ್ಲಿಟ್ಟು, ಗಂಟೆಯೊಳಗೆ ತಿರುಗಿಸಿ ಕಳಿಸಬೇಕು.